ಬೆಳ್ಳುಳ್ಳಿ ರಸಕ್ಕೂ ಒಂದು ಪರೀಕ್ಷೆ

ನಮ್ಮ ಮನೆಯಲ್ಲಿ ಬೆಳ್ಳುಳ್ಳಿಗೆ ‘ಲಹ್ಸನ್’ ಎನ್ನುತ್ತಾರೆ. ಕೆಮ್ಮು ಬಂದರೆ ನಾನಿ ಮೊದಲು ಹುಡುಕುವುದು ಅದನ್ನೇ. ಆದರೆ ಔಷಧಿಗೇ ಬಗ್ಗದ ಬ್ಯಾಕ್ಟೀರಿಯಾ ಇದಕ್ಕೆ ಬಗ್ಗುತ್ತದೆಯೇ? ಗೆಳೆಯರೇ, ವಿಜ್ಞಾನಿಗಳು ಇದನ್ನು ಹೇಗೆ ಪರೀಕ್ಷಿಸುತ್ತಾರೆಂದು ತಿಳಿಯೋಣ.

ಮೆಥಿಸಿಲಿನ್ ಎಂಬ ಆಂಟಿಬಯೋಟಿಕ್ ಬಳಕೆಗೆ ಬಂದ ಸ್ವಲ್ಪ ಕಾಲದಲ್ಲೇ, 1961ರಲ್ಲಿ, ಅದಕ್ಕೆ ಜಗ್ಗದ ಸ್ಟೆಫೈಲೊಕಾಕಸ್ ಔರಿಯಸ್ ಇಂಗ್ಲೆಂಡಿನಲ್ಲಿ ಪತ್ತೆಯಾಯಿತು. ಅದೇ ಎಂಆರ್‌ಎಸ್‌ಎ. ಇಂಥ ಬ್ಯಾಕ್ಟೀರಿಯಾ ಹೆಚ್ಚಿದಂತೆ ಗಿಡಮೂಲಿಕೆಗಳತ್ತಲೂ ಸಂಶೋಧಕರ ಗಮನ ಹರಿದಿದೆ.

ಪರೀಕ್ಷೆ ಹೀಗಿದೆ. ಪೆಟ್ರಿ ತಟ್ಟೆಯ ಅಗರ್ ಮೇಲೆ ಬ್ಯಾಕ್ಟೀರಿಯಾವನ್ನು ತೆಳುವಾಗಿ ಹರಡುತ್ತಾರೆ. ಗಿಡದ ಸಾರದಲ್ಲಿ ನೆನೆಸಿದ ಕಾಗದದ ಬಿಲ್ಲೆಯನ್ನು ಅದರ ಮೇಲಿಟ್ಟು, ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದು ರಾತ್ರಿ ಬಿಡುತ್ತಾರೆ. ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ಖಾಲಿ ವೃತ್ತ ಉಳಿದರೆ, ಅದನ್ನು ಮಿಲಿಮೀಟರ್‌ಗಳಲ್ಲಿ ಅಳೆಯುತ್ತಾರೆ.

ಅಷ್ಟಕ್ಕೇ ಗೆದ್ದಂತಲ್ಲ. ಸಾರ ತೆಗೆಯಲು ಬಳಸಿದ ಆಲ್ಕೋಹಾಲೇ ಬ್ಯಾಕ್ಟೀರಿಯಾವನ್ನು ಕೊಂದಿರಬಹುದು. ಆದ್ದರಿಂದ ಬರೀ ಆಲ್ಕೋಹಾಲಿನ ಒಂದು ಬಿಲ್ಲೆ, ಗೊತ್ತಿರುವ ಆಂಟಿಬಯೋಟಿಕ್‌ನ ಇನ್ನೊಂದು ಬಿಲ್ಲೆಯನ್ನೂ ಇಡಬೇಕು. ನಮ್ಮ ವಾಣಿಜ್ಯ ವಿಭಾಗದವರ ಭಾಷೆಯಲ್ಲಿ ಹೇಳುವುದಾದರೆ, ತಾಳೆ ನೋಡದ ಲೆಕ್ಕ ಲೆಕ್ಕವೇ ಅಲ್ಲ. ವೃತ್ತ ದೊಡ್ಡದಾದ ಮಾತ್ರಕ್ಕೆ ಸಾರವೂ ಪ್ರಬಲ ಎನ್ನಲಾಗದು. ಅಗರ್‌ನಲ್ಲಿ ಬೇಗ ಹರಡುವ ವಸ್ತು ದೊಡ್ಡ ವೃತ್ತ ಮಾಡುತ್ತದೆ. ಅದಕ್ಕಾಗಿ ಸಾರವನ್ನು ಅರ್ಧ, ಕಾಲು, ಅರೆಕಾಲು ಎಂದು ತೆಳುಗೊಳಿಸುತ್ತಾ ಹೋಗಿ, ಬೆಳವಣಿಗೆಯನ್ನು ತಡೆಯುವ ಅತಿ ಕಡಿಮೆ ಪ್ರಮಾಣವನ್ನು ಕಂಡುಹಿಡಿಯುತ್ತಾರೆ.

ಈಗ ಬೆಳ್ಳುಳ್ಳಿಗೆ ಬರೋಣ. 1944ರಲ್ಲಿ ಅಮೆರಿಕದ ಕ್ಯಾವಲಿಟೊ ಮತ್ತು ಬೈಲಿ ಅದರಿಂದ ಅಲಿಸಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಪ್ರಯೋಗಾಲಯದಲ್ಲಿ ಇದು ಎಂಆರ್‌ಎಸ್‌ಎಯನ್ನೂ ತಡೆಯುತ್ತದೆ. ಆದರೆ ಇಡೀ ಎಸಳಿನಲ್ಲಿ ಅಲಿಸಿನ್ ಇರುವುದಿಲ್ಲ. ಜಜ್ಜಿದಾಗ ಒಂದು ಕಿಣ್ವ ಅದನ್ನು ಉಂಟುಮಾಡುತ್ತದೆ. ಜಜ್ಜದೆ ಕುದಿಸಿದರೆ ಆ ಕಿಣ್ವವೇ ಹಾಳಾಗುತ್ತದೆ. ಅಂದರೆ ಸಾರ ತಯಾರಿಸಿದ ರೀತಿಯೂ ಫಲಿತಾಂಶವನ್ನು ಬದಲಿಸುತ್ತದೆ.

ಇನ್ನೊಂದು ತೊಡಕಿದೆ: ಅಲಿಸಿನ್ ರಕ್ತದಲ್ಲಿ ಬೇಗನೆ ಇಲ್ಲವಾಗುತ್ತದೆ. ತಟ್ಟೆಯಲ್ಲಿ ಗೆದ್ದದ್ದು ದೇಹದೊಳಗೂ ಗೆಲ್ಲಬೇಕು, ಜೀವಕೋಶಗಳಿಗೆ ಹಾನಿ ಮಾಡಬಾರದು, ಕೊನೆಗೆ ರೋಗಿಗಳ ಮೇಲಿನ ಪರೀಕ್ಷೆಯಲ್ಲೂ ಪಾಸಾಗಬೇಕು. ಆಗಲೇ ಅದು ಔಷಧಿ.

ಆದ್ದರಿಂದ ಗೆಳೆಯರೇ, ‘ಈ ಎಲೆ ಎಲ್ಲ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ’ ಎಂಬ ಸಂದೇಶ ಮೊಬೈಲಿಗೆ ಬಂದರೆ ಕೇಳಿ: ಎಲ್ಲಿ ಕೊಂದಿತು, ತಟ್ಟೆಯಲ್ಲೋ ದೇಹದಲ್ಲೋ? ಎಷ್ಟು ಪ್ರಮಾಣದಲ್ಲಿ? ಯಾವುದರೊಂದಿಗೆ ಹೋಲಿಸಿದರು? ಉತ್ತರ ಸಿಗುವವರೆಗೆ ಬೆಳ್ಳುಳ್ಳಿ ಅಡುಗೆಮನೆಯಲ್ಲಿರಲಿ, ವೈದ್ಯರು ಬರೆದುಕೊಟ್ಟ ಮಾತ್ರೆ ನಿಲ್ಲದಿರಲಿ.