ಕಾಯುವ ಗಂಟೆಗೂ ಕೂಲಿ ಉಂಟೇ?
ವೈದ್ಯಕೀಯ ಉಪಕರಣ ತಂತ್ರಜ್ಞರ 'ಆನ್‌-ಕಾಲ್‌' ಕೆಲಸ: ಒಂದು ವಾಣಿಜ್ಯ ಪಾಠ

ಆಸ್ಪತ್ರೆ ಎಂದ ಕೂಡಲೇ ನಮಗೆ ನೆನಪಾಗುವುದು ಡಾಕ್ಟರು, ನರ್ಸು ಮತ್ತು ಔಷಧಿ. ಡಯಾಲಿಸಿಸ್ ಮೆಷಿನ್, ವೆಂಟಿಲೇಟರ್, ಎಕ್ಸ್‌ರೇ, ನವಜಾತ ಶಿಶುವನ್ನು ಬೆಚ್ಚಗಿಡುವ ವಾರ್ಮರ್ ಮುಂತಾದವುಗಳನ್ನು ಸುಸ್ಥಿತಿಯಲ್ಲಿ ಇಡುವವರು ನಮ್ಮ ಕಣ್ಣಿಗೆ ಬೀಳುವುದು ಕಡಿಮೆ. ಅವರೇ ವೈದ್ಯಕೀಯ ಉಪಕರಣ ತಂತ್ರಜ್ಞರು. ಮೆಷಿನ್ ಕೆಟ್ಟ ದಿನ ಮಾತ್ರ ಅವರ ನೆನಪಾಗುತ್ತದೆ.

ಡಯಾಲಿಸಿಸ್ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಒಂದು ಸಲದ ಚಿಕಿತ್ಸೆಗೆ ಸುಮಾರು 4 ಗಂಟೆ ಬೇಕು. ಹೆಚ್ಚಿನ ರೋಗಿಗಳಿಗೆ ವಾರಕ್ಕೆ 2 ಅಥವಾ 3 ಸಲ ಮಾಡಬೇಕಾಗುತ್ತದೆ. ಒಬ್ಬ ರೋಗಿಯ ಒಂದು ಸರದಿಗೆ ಸುಮಾರು 120 ಲೀಟರ್ ಶುದ್ಧೀಕರಿಸಿದ ನೀರು ಬೇಕು. ಆ ನೀರನ್ನು ಕೊಡುವ ಆರ್‌ಒ ಘಟಕ ರಾತ್ರಿ ಕೆಟ್ಟರೆ ಆ ಕೇಂದ್ರದ ಎಲ್ಲ ಮೆಷಿನ್‌ಗಳೂ ಒಟ್ಟಿಗೆ ನಿಲ್ಲುತ್ತವೆ. ಬೆಳಗ್ಗಿನ ಮೊದಲ ಬಸ್ಸಿಗೆ ವಿಟ್ಲದಿಂದ ಪುತ್ತೂರಿಗೋ ಮಂಗಳೂರಿಗೋ ಹೋದ ರೋಗಿ ಅಲ್ಲಿ ಕಾದು ಕುಳಿತುಕೊಳ್ಳಬೇಕಾಗುತ್ತದೆ. ಹಾಗಾಗದಂತೆ ರಾತ್ರಿಯೇ ಒಬ್ಬರು ಫೋನ್ ಎತ್ತಿಕೊಂಡು, ಟೂಲ್ ಬ್ಯಾಗ್ ಹಿಡಿದು ಹೊರಡಬೇಕು. ಅದಕ್ಕಾಗಿ ಅವರು ಮೊದಲೇ ಸಿದ್ಧರಾಗಿರಬೇಕು.

ಹೀಗೆ ಸಿದ್ಧರಾಗಿರುವುದಕ್ಕೆ ಬೆಲೆ ಉಂಟೇ? ಉಂಟಾದರೆ ಅದನ್ನು ಲೆಕ್ಕ ಹಾಕುವುದು ಹೇಗೆ? ಈ ಲೇಖನದ ವಿಷಯ ಇದು.

ಮೂರು ಬಗೆಯ ಗಂಟೆಗಳು

ಆನ್‌-ಕಾಲ್‌ ಕೆಲಸ ಇರುವವರ ದಿನದಲ್ಲಿ ಮೂರು ಬಗೆಯ ಗಂಟೆಗಳು ಇರುತ್ತವೆ.

ಒಂದು: ಸಾಮಾನ್ಯ ಡ್ಯೂಟಿಯ ಗಂಟೆ. ಇದಕ್ಕೆ ತಿಂಗಳ ಸಂಬಳ ಸಿಗುತ್ತದೆ.

ಎರಡು: ಕಾಯುವ ಗಂಟೆ. ಮನೆಯಲ್ಲಿ ಇರಬಹುದು, ಊಟ ಮಾಡಬಹುದು, ಮಲಗಬಹುದು. ಆದರೆ ಫೋನ್ ಬಂದರೆ ಹೊರಡಲೇಬೇಕು.

ಮೂರು: ಕರೆ ಬಂದು ಹೊರಟ ಗಂಟೆ. ಇದರಲ್ಲಿ ಹೋಗುವ, ರಿಪೇರಿ ಮಾಡುವ ಮತ್ತು ಮನೆಗೆ ಹಿಂದಿರುಗುವ ಸಮಯ ಎಲ್ಲವೂ ಸೇರಬೇಕು.

ಒಂದನೆಯದರ ಬಗ್ಗೆ ಜಗಳವಿಲ್ಲ. ಮೂರನೆಯದಕ್ಕೆ ಕೆಲವು ಕಡೆ 'ಕಾಲ್ ಚಾರ್ಜ್' ಎಂದು ಏನಾದರೂ ಕೊಡುತ್ತಾರೆ. ಹೆಚ್ಚಾಗಿ ಲೆಕ್ಕಕ್ಕೇ ಸಿಗದಿರುವುದು ಎರಡನೆಯದು.

ನಮ್ಮ ಮಾಮು ಒಬ್ಬರು ಇದೇ ಕೆಲಸದಲ್ಲಿದ್ದಾರೆ. ನಾಲ್ಕು ವಾರಕ್ಕೊಮ್ಮೆ ಅವರ ಆನ್‌-ಕಾಲ್‌ ಸರದಿ ಬರುತ್ತದೆ. ಆ ವಾರ ಅವರು ನೆಟ್‌ವರ್ಕ್ ಇಲ್ಲದ ಜಾಗಕ್ಕೆ ಹೋಗುವುದಿಲ್ಲ. ಕಾಸರಗೋಡಿನಲ್ಲಿ ಮದುವೆ ಇದ್ದರೆ ಮಾಮಿ ಮತ್ತು ಮಕ್ಕಳು ಮಾತ್ರ ಹೋಗುತ್ತಾರೆ. ಬೈಕಿನಲ್ಲಿ ಪೆಟ್ರೋಲ್ ಅರ್ಧಕ್ಕಿಂತ ಕಡಿಮೆ ಆಗಲು ಬಿಡುವುದಿಲ್ಲ. ಫೋನ್ ಬಾರದ ರಾತ್ರಿಯೂ ಎರಡು ಸಲ ಎದ್ದು ನೋಡುತ್ತಾರೆ. "ಇಡೀ ವಾರ ಕಾಲ್ ಬರಲಿಲ್ಲ ಅಂದರೆ ಕಂಪೆನಿಯ ಪಟ್ಟಿಯಲ್ಲಿ ಆ ವಾರ ನಾನು ಏನೂ ಮಾಡಿಲ್ಲ ಅಂತಲೇ ಇರುತ್ತದೆ" ಎಂದು ಅವರು ಒಮ್ಮೆ ಹೇಳಿದ್ದರು.

ಇಲ್ಲಿ ಭಾಷೆಯ ಒಂದು ವಿಷಯ ಹೇಳಬೇಕು. ನಮ್ಮ ಮನೆಮಾತು ಉರ್ದುವಿನಲ್ಲಿ ಇಂತೆಜಾರ್ ಬೇರೆ, ರಖ್ವಾಲಿ ಬೇರೆ. ಕನ್ನಡದಲ್ಲಿ ಎರಡಕ್ಕೂ 'ಕಾಯು' ಎಂಬ ಒಂದೇ ಪದ ಉಂಟು. ಬಸ್ಸಿಗೆ ಕಾಯುತ್ತೇವೆ, ತೋಟವನ್ನೂ ಕಾಯುತ್ತೇವೆ. ಕಾವಲು ಎಂಬ ಪದ ಬಂದದ್ದೂ ಅದರಿಂದಲೇ. ಅಂಗಳದಲ್ಲಿ ಅಡಿಕೆ ಒಣಗುವಾಗ ರಾತ್ರಿ ಕಾವಲಿಗೆ ಜನ ಇಟ್ಟರೆ, ಕಳ್ಳ ಬಾರದ ರಾತ್ರಿಗೂ ಸಂಬಳ ಕೊಡುತ್ತೇವೆ. "ನಿನ್ನೆ ಕಳ್ಳ ಬರಲಿಲ್ಲ, ಹಾಗಾಗಿ ಕೂಲಿ ಇಲ್ಲ" ಎಂದು ಯಾರೂ ಹೇಳುವುದಿಲ್ಲ.

ಮಾರಾಟವಾಗುತ್ತಿರುವ ವಸ್ತು ಯಾವುದು?

ವಾಣಿಜ್ಯ ವಿದ್ಯಾರ್ಥಿಗಳಾದ ನಾವು ಮೊದಲು ಕೇಳಬೇಕಾದ ಪ್ರಶ್ನೆ ಇದು. ಆಸ್ಪತ್ರೆಯು ಉಪಕರಣದ ಕಂಪೆನಿಯೊಂದಿಗೆ ವಾರ್ಷಿಕ ನಿರ್ವಹಣಾ ಒಪ್ಪಂದ, ಅಂದರೆ ಎಎಂಸಿ, ಮಾಡಿಕೊಳ್ಳುತ್ತದೆ. ವರ್ಷದಲ್ಲಿ ಮೆಷಿನ್ ಹತ್ತು ಸಲ ಕೆಟ್ಟರೂ, ಒಂದು ಸಲವೂ ಕೆಡದಿದ್ದರೂ ಒಪ್ಪಂದದ ಮೊತ್ತ ಕೊಡಲೇಬೇಕು. ಮನೆಗೆ ಬೆಂಕಿ ಬೀಳದ ವರ್ಷವೂ ವಿಮಾ ಕಂತು ಕಟ್ಟುವ ಹಾಗೆ. ಎಂದರೆ ಆಸ್ಪತ್ರೆ ಕೊಳ್ಳುವುದು ರಿಪೇರಿಯ ಜೊತೆಗೆ 'ಕರೆದರೆ ಬರುತ್ತಾರೆ' ಎಂಬ ಭರವಸೆಯನ್ನೂ.

ಸರಕಾರವೂ ಇದನ್ನು ಕೊಳ್ಳುತ್ತದೆ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಅಡಿಯಲ್ಲಿ ದೇಶದ ಸರಕಾರಿ ಆಸ್ಪತ್ರೆಗಳ ಉಪಕರಣಗಳನ್ನು ಎಣಿಸಿದಾಗ, 29 ರಾಜ್ಯಗಳ 29,115 ಆರೋಗ್ಯ ಸಂಸ್ಥೆಗಳಲ್ಲಿ 7,56,750 ಉಪಕರಣಗಳು ಸಿಕ್ಕಿದವು. ಅವುಗಳ ಬೆಲೆ ಸುಮಾರು 4,564 ಕೋಟಿ ರೂಪಾಯಿ. ಅದರಲ್ಲಿ ಬೇರೆ ಬೇರೆ ರಾಜ್ಯಗಳಲ್ಲಿ ಶೇಕಡಾ 13ರಿಂದ 34ರಷ್ಟು ಕೆಟ್ಟು ನಿಂತಿದ್ದವು. ಹಾಗಾಗಿ 2015ರಲ್ಲಿ ಜೈವಿಕ ವೈದ್ಯಕೀಯ ಉಪಕರಣಗಳ ನಿರ್ವಹಣಾ ಕಾರ್ಯಕ್ರಮ ಬಂತು. ಖಾಸಗಿ ಸಂಸ್ಥೆಗಳಿಗೆ ನಿರ್ವಹಣೆಯನ್ನು ವಹಿಸಿ, ಜಿಲ್ಲಾ ಆಸ್ಪತ್ರೆಯಲ್ಲಿ ಶೇಕಡಾ 95, ಸಮುದಾಯ ಆರೋಗ್ಯ ಕೇಂದ್ರದಲ್ಲಿ ಶೇಕಡಾ 90, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಶೇಕಡಾ 80ರಷ್ಟು ಸಮಯ ಉಪಕರಣ ನಡೆಯುತ್ತಿರಬೇಕು ಎಂಬ ಗುರಿ ಇಡಲಾಯಿತು.

ಶೇಕಡಾ 95 ಎಂದರೆ 365 ದಿನಗಳಲ್ಲಿ ಮೆಷಿನ್ ನಿಲ್ಲಬಹುದಾದದ್ದು ಹೆಚ್ಚೆಂದರೆ 18 ದಿನ. ಈ ಗುರಿಯನ್ನು ಕಂಪೆನಿ ಕಾಗದದ ಮೇಲೆ ಒಪ್ಪಿಕೊಳ್ಳುತ್ತದೆ. ಅದನ್ನು ನಿಜ ಮಾಡುವವರು ರಾತ್ರಿ ಫೋನ್ ಪಕ್ಕದಲ್ಲಿಟ್ಟು ಮಲಗುವ ತಂತ್ರಜ್ಞರು. ಸಿದ್ಧತೆ ಎಂಬುದು ಬೆಲೆಗೆ ಮಾರಾಟವಾಗುವ ವಸ್ತು ಎಂದಾದರೆ, ಅದನ್ನು ಒದಗಿಸುವವರಿಗೆ ಆ ಬೆಲೆಯಲ್ಲಿ ಪಾಲು ಸಿಗಬೇಕು. ನನ್ನ ಇಡೀ ಲೇಖನದ ವಾದ ಇಷ್ಟೇ.

ನಮ್ಮ ಪಠ್ಯದಲ್ಲಿ ಏನಿದೆ?

ಅರ್ಥಶಾಸ್ತ್ರದಲ್ಲಿ 'ಅವಕಾಶ ವೆಚ್ಚ' ಕಲಿತಿದ್ದೇವೆ. ಒಂದನ್ನು ಆರಿಸಿಕೊಂಡಾಗ ಬಿಟ್ಟುಕೊಡಬೇಕಾದ ಉತ್ತಮ ಪರ್ಯಾಯವೇ ಅದರ ವೆಚ್ಚ. ಕಾಯುವ ಗಂಟೆಯಲ್ಲಿ ತಂತ್ರಜ್ಞರು ಬಿಟ್ಟುಕೊಡುವುದು ಮದುವೆ, ಪ್ರಯಾಣ, ನೆಮ್ಮದಿಯ ನಿದ್ದೆ, ಕೆಲವೊಮ್ಮೆ ಬೇರೆ ಸಣ್ಣ ಸಂಪಾದನೆ. ಆದ್ದರಿಂದ ಆ ಗಂಟೆಯ ವೆಚ್ಚ ಸೊನ್ನೆಯಾಗುವುದಿಲ್ಲ. ಆದರೆ ಅದು ಪೂರ್ತಿ ಡ್ಯೂಟಿಯ ಗಂಟೆಗೆ ಸಮವೂ ಆಗುವುದಿಲ್ಲ, ಏಕೆಂದರೆ ಮನೆಯಲ್ಲಿ ಕೂತು ಮಕ್ಕಳಿಗೆ ಪಾಠ ಹೇಳಿಕೊಡಲು ಅಡ್ಡಿಯಿಲ್ಲ.

ವ್ಯವಹಾರ ಅಧ್ಯಯನದಲ್ಲಿ ಹೆನ್ರಿ ಫಯೋಲ್ ಅವರ 14 ತತ್ವಗಳಿವೆ. ಅವುಗಳಲ್ಲಿ ಒಂದು ಸಿಬ್ಬಂದಿಯ ಸಂಭಾವನೆ. ಸಂಬಳವು ನೌಕರನಿಗೂ ಸಂಸ್ಥೆಗೂ ನ್ಯಾಯವಾಗಿರಬೇಕು ಎಂಬುದು ಅದರ ಸಾರ. ಪರೀಕ್ಷೆಗೆ ಎರಡು ಅಂಕದ ಪ್ರಶ್ನೆಯಾಗಿ ಓದುವ ಈ ತತ್ವವನ್ನು ಒಂದು ಲೆಕ್ಕಕ್ಕೆ ಹಾಕಿ ನೋಡೋಣ.

ಒಂದು ಲೆಕ್ಕ

ಇದು ಪಾಠಕ್ಕಾಗಿ ಕಲ್ಪಿಸಿಕೊಂಡ ಲೆಕ್ಕ. ತಂತ್ರಜ್ಞರ ತಿಂಗಳ ಸಂಬಳ 20,800 ರೂ. ಕೆಲಸದ ದಿನಗಳು 26. ಎಂದರೆ ದಿನಕ್ಕೆ 800 ರೂ., 8 ಗಂಟೆಯ ಡ್ಯೂಟಿಯಲ್ಲಿ ಗಂಟೆಗೆ 100 ರೂ.

ಆನ್‌-ಕಾಲ್‌ ವಾರದಲ್ಲಿ ಸೋಮವಾರದಿಂದ ಶನಿವಾರದವರೆಗೆ ಸಂಜೆ 6ರಿಂದ ಬೆಳಗ್ಗೆ 9ರ ತನಕ, ದಿನಕ್ಕೆ 15 ಗಂಟೆ: 6 × 15 = 90. ಆದಿತ್ಯವಾರ ಬೆಳಗ್ಗೆ 9ರಿಂದ ಮರುದಿನ 9ರ ತನಕ 24. ಒಟ್ಟು 114 ಗಂಟೆ. ಆ ವಾರ 3 ಕರೆಗಳು ಬಂದವು. ಹೋಗಿ ಬರುವುದೂ ಸೇರಿ 11 ಗಂಟೆ ಆಯಿತು. ಉಳಿದ 103 ಗಂಟೆ ಕಾದದ್ದು.

ಪದ್ಧತಿ 1: ಪೆಟ್ರೋಲ್ ಹಣ ಮಾತ್ರ. ದುಡಿಮೆಗೆ ಸಿಕ್ಕಿದ್ದು 0.

ಪದ್ಧತಿ 2: ಒಂದು ಕರೆಗೆ 300 ರೂ. ಸಿಕ್ಕಿದ್ದು 900 ರೂ. ಕರೆ ಬಾರದಿದ್ದರೆ 0.

ಪದ್ಧತಿ 3: ಕಾಯುವ ಗಂಟೆಗೆ ಸಾಮಾನ್ಯ ದರದ ಶೇಕಡಾ 10, ಹೊರಟ ಗಂಟೆಗೆ ಎರಡು ಪಟ್ಟು. 103 × 10 = 1,030 ಮತ್ತು 11 × 200 = 2,200. ಒಟ್ಟು 3,230 ರೂ. ಕರೆಯೇ ಬಾರದಿದ್ದರೆ 114 × 10 = 1,140 ರೂ.

ಪದ್ಧತಿ 2ರಲ್ಲಿ ಒಂದು ಗುಟ್ಟು ಅಡಗಿದೆ. ಮೆಷಿನ್ ಚೆನ್ನಾಗಿ ನೋಡಿಕೊಂಡು, ಕೆಡದ ಹಾಗೆ ಮಾಡಿದ ತಂತ್ರಜ್ಞರಿಗೆ ಕಡಿಮೆ ಹಣ ಸಿಗುತ್ತದೆ. ಪದೇ ಪದೇ ಕೆಟ್ಟರೆ ಹೆಚ್ಚು ಸಿಗುತ್ತದೆ. ಟೇಲರ್ ಅವರ ಭೇದಾತ್ಮಕ ತುಂಡುದರ ಪದ್ಧತಿ ಹೆಚ್ಚು ತಯಾರಿಸಿದವರಿಗೆ ಹೆಚ್ಚು ಕೊಡುತ್ತದೆ. ಆದರೆ ಇಲ್ಲಿ ಒಳ್ಳೆಯ ಕೆಲಸದ ಗುರುತು ಕರೆ ಕಡಿಮೆಯಾಗುವುದೇ. ಆದ್ದರಿಂದ ಬರೀ ತುಂಡುದರ ಈ ಕೆಲಸಕ್ಕೆ ಹೊಂದುವುದಿಲ್ಲ.

ಇನ್ನು ಕಂಪೆನಿಯ ಕಡೆಯಿಂದ ನೋಡೋಣ. ಪ್ರತಿ ವಾರ ಯಾರಾದರೊಬ್ಬರು ಆನ್‌-ಕಾಲ್‌ ಇರಬೇಕು. ನಾಲ್ಕು ವಾರಕ್ಕೆ 3,230 × 4 = 12,920 ರೂ. ಆ ಕಂಪೆನಿ 20 ಆಸ್ಪತ್ರೆಗಳನ್ನು ನೋಡಿಕೊಳ್ಳುತ್ತಿದ್ದರೆ ಒಂದು ಆಸ್ಪತ್ರೆಯ ಪಾಲಿಗೆ 646 ರೂ. ದಿನಕ್ಕೆ ಸುಮಾರು 23 ರೂ., ಹೆಚ್ಚೆಂದರೆ ಎರಡು ಚಹಾದ ಬೆಲೆ.

ಕಾನೂನು ಏನು ಹೇಳುತ್ತದೆ?

2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರ ಮೂರು ಸೆಕ್ಷನ್‌ಗಳು ನಮ್ಮ ವಿಷಯಕ್ಕೆ ಹತ್ತಿರವಾಗಿವೆ.

ಸೆಕ್ಷನ್ 14: ನಿಗದಿತ ಕೆಲಸದ ಅವಧಿ ಮೀರಿ ದುಡಿಸಿಕೊಂಡರೆ ಸಾಮಾನ್ಯ ದರದ ಎರಡು ಪಟ್ಟಿಗಿಂತ ಕಡಿಮೆಯಿಲ್ಲದ ಓವರ್‌ಟೈಮ್ ಕೊಡಬೇಕು. ಪದ್ಧತಿ 3ರಲ್ಲಿ ಎರಡು ಪಟ್ಟು ಎಂದು ಹಾಕಿದ್ದು ಇದರಿಂದ.

ಸೆಕ್ಷನ್ 10: ದಿನದ ಲೆಕ್ಕದಲ್ಲಿ ಕನಿಷ್ಠ ವೇತನ ನಿಗದಿಯಾದ ನೌಕರರು ಕೆಲಸಕ್ಕೆ ಬಂದು, ಮಾಲಕರು ಪೂರ್ತಿ ಕೆಲಸ ಕೊಡದೆ ಹೋದರೆ ಸಾಮಾನ್ಯವಾಗಿ ಪೂರ್ತಿ ದಿನದ ಕೂಲಿಗೆ ಹಕ್ಕುದಾರರು. ಸಿದ್ಧರಾಗಿ ಬಂದು ನಿಲ್ಲುವುದಕ್ಕೂ ಬೆಲೆ ಉಂಟು ಎಂಬ ತತ್ವ ಇದರಲ್ಲಿ ಇದೆ. 1948ರ ಕನಿಷ್ಠ ವೇತನ ಕಾಯ್ದೆಯಲ್ಲಿಯೂ ಇದು ಇತ್ತು.

ಸೆಕ್ಷನ್ 13: ನಡುನಡುವೆ ಮಾತ್ರ ಕೆಲಸ ಬರುವ ಉದ್ಯೋಗವನ್ನು ಇದು ಬೇರೆಯಾಗಿ ಗುರುತಿಸುತ್ತದೆ. ಡ್ಯೂಟಿಯಲ್ಲಿ ಇದ್ದರೂ ಶರೀರದ ಶ್ರಮವಾಗಲಿ ಬಿಡದ ಗಮನವಾಗಲಿ ಬೇಕಾಗದ ವೇಳೆ ಇಂಥ ಉದ್ಯೋಗದಲ್ಲಿ ಇರುತ್ತದೆ ಎಂದು ಅದು ವಿವರಿಸುತ್ತದೆ. ಸುಮ್ಮನೆ ಕುಳಿತ ವೇಳೆಯೂ 'ಡ್ಯೂಟಿ' ಆಗಬಹುದೆಂದು ಕಾನೂನು ಒಪ್ಪಿದ ಹಾಗಾಯಿತು. ಆದರೆ ಮನೆಯಲ್ಲಿ ಫೋನ್ ಕಾಯುವ ಗಂಟೆಗೆ ಇಷ್ಟೇ ದರ ಎಂದು ಈ ಸೆಕ್ಷನ್‌ಗಳಲ್ಲಿ ಬರೆದಿಲ್ಲ. ಆದ್ದರಿಂದ ನೇಮಕಾತಿ ಪತ್ರದಲ್ಲಿ ಏನು ಬರೆದಿದೆ ಎಂಬುದು ಬಹಳ ಮುಖ್ಯ.

ಈ ಪ್ರಶ್ನೆ ಬೇರೆ ದೇಶಗಳಲ್ಲಿ ಕೋರ್ಟಿನವರೆಗೂ ಹೋಗಿದೆ. ಬೆಲ್ಜಿಯಂನ ನಿವೆಲ್ ಪಟ್ಟಣದ ಅಗ್ನಿಶಾಮಕರೊಬ್ಬರು ಮನೆಯಲ್ಲಿದ್ದರೂ ಕರೆ ಬಂದ 8 ನಿಮಿಷದೊಳಗೆ ಠಾಣೆ ತಲುಪಬೇಕಿತ್ತು. ಇಷ್ಟು ಬಿಗಿಯಾದ ಷರತ್ತು ಇದ್ದರೆ ಮನೆಯಲ್ಲಿ ಕಾಯುವುದೂ ಕೆಲಸದ ಸಮಯವೇ ಎಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2018ರ ಫೆಬ್ರವರಿ 21ರಂದು ತೀರ್ಪು ಕೊಟ್ಟಿತು. ಆ ಸಮಯಕ್ಕೆ ಎಷ್ಟು ದರ ಎಂಬುದನ್ನು ಮಾತ್ರ ಆಯಾ ದೇಶಕ್ಕೆ ಬಿಟ್ಟಿತು. ಇದರಿಂದ ನಾವು ಕಲಿಯಬಹುದಾದ ಅಳತೆಗೋಲು ಒಂದಿದೆ: ಎಷ್ಟು ಬೇಗ ಬರಬೇಕು ಎಂಬ ಷರತ್ತು ಬಿಗಿಯಾದಷ್ಟೂ ಕಾಯುವ ಗಂಟೆಯ ಬೆಲೆ ಏರಬೇಕು.

ಎದುರು ವಾದಗಳು

"ಮನೆಯಲ್ಲಿ ಮಲಗಿದವರಿಗೆ ಯಾಕೆ ಹಣ?" ಎಂದು ಕೇಳುವವರಿದ್ದಾರೆ. ಹಣ ಮಲಗಿದ್ದಕ್ಕಲ್ಲ, ಕರೆದರೆ ಏಳುತ್ತೇನೆ ಎಂಬ ಮಾತಿಗೆ.

"ಖರ್ಚೆಲ್ಲ ಕೊನೆಗೆ ರೋಗಿಯ ಬಿಲ್ಲಿಗೆ ಬೀಳುತ್ತದೆ" ಎಂಬುದು ಇನ್ನೊಂದು ವಾದ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನಮ್ಮ ಊರಿನಲ್ಲಿ ಡಯಾಲಿಸಿಸ್‌ಗಾಗಿ ಚಿನ್ನ ಅಡವಿಟ್ಟ ಮನೆಗಳಿವೆ. ಆದರೆ ಮೇಲಿನ ಲೆಕ್ಕದಲ್ಲಿ ಒಂದು ಆಸ್ಪತ್ರೆಗೆ ಬಿದ್ದದ್ದು ದಿನಕ್ಕೆ 23 ರೂ. ಅದು ಎಲ್ಲ ರೋಗಿಗಳ ನಡುವೆ ಹಂಚಿಹೋಗುತ್ತದೆ. ಒಂದು ಸರದಿ ತಪ್ಪಿದ ರೋಗಿಯ ಬಸ್ ಚಾರ್ಜು, ಜೊತೆಗೆ ಬಂದವರ ಒಂದು ದಿನದ ಕೂಲಿ ಅದಕ್ಕಿಂತ ಎಷ್ಟೋ ಹೆಚ್ಚು.

"ಕೆಲಸಕ್ಕೆ ಸೇರುವಾಗಲೇ ಒಪ್ಪಿದ್ದರಲ್ಲ?" ಎಂಬ ಮಾತೂ ಉಂಟು. ಡಿಪ್ಲೊಮಾ ಮುಗಿಸಿ ಮೊದಲ ಕೆಲಸ ಹುಡುಕುವ ಹುಡುಗನಿಗೆ ಚೌಕಾಸಿ ಮಾಡುವ ಬಲ ಕಡಿಮೆ. 'ಅಗತ್ಯ ಬಿದ್ದಾಗ ಕೆಲಸ ಮಾಡಬೇಕು' ಎಂಬ ಒಂದು ಸಾಲಿಗೆ ಸಹಿ ಹಾಕಿದರೆ 114 ಗಂಟೆಗೆ ಒಪ್ಪಿದ ಹಾಗಾಗುತ್ತದೆ ಎಂದು ಅವನಿಗೆ ಹೇಗೆ ಗೊತ್ತಾಗಬೇಕು?

ನ್ಯಾಯದ ಒಪ್ಪಂದದಲ್ಲಿ ಇರಬೇಕಾದ ಐದು ಅಂಶಗಳು

1. ಆನ್‌-ಕಾಲ್‌ ಸರದಿಯ ಪಟ್ಟಿ ಮೊದಲೇ ಬರಹದಲ್ಲಿ ಸಿಗಬೇಕು.
2. ಕರೆ ಬಂದರೂ ಬಾರದಿದ್ದರೂ ಕಾಯುವ ಗಂಟೆಗೆ ಒಂದು ದರ ಇರಬೇಕು.
3. ಹೊರಟ ಗಂಟೆಯನ್ನು ಮನೆ ಬಿಟ್ಟಲ್ಲಿಂದ ಮನೆ ಸೇರುವ ತನಕ ಎಣಿಸಬೇಕು. ವಾಹನದ ಖರ್ಚು ಬೇರೆ.
4. ರಾತ್ರಿ 2ಕ್ಕೆ ಹೋಗಿ 6ಕ್ಕೆ ಬಂದವರನ್ನು ಬೆಳಗ್ಗೆ 9ಕ್ಕೆ ಮತ್ತೆ ಕರೆಯಬಾರದು. ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯಲ್ಲಿ ನಿದ್ದೆಗೆಟ್ಟು ಬೈಕ್ ಓಡಿಸುವ ಅಪಾಯಕ್ಕೆ ಯಾವ ದರವೂ ಸಾಲದು.
5. ಕರೆಗಳ ದಾಖಲೆ ತಂತ್ರಜ್ಞರ ಕೈಯಲ್ಲೂ ಇರಬೇಕು. ದಾಖಲೆ ಇಲ್ಲದ ಗಂಟೆ ಸಂಬಳದ ಚೀಟಿಗೆ ಬರುವುದಿಲ್ಲ.

ಇದು ಉಪಕರಣ ತಂತ್ರಜ್ಞರಿಗಷ್ಟೇ ಸೀಮಿತವಾದ ಪಾಠವಲ್ಲ. ಗಾಳಿ ಮಳೆಯ ರಾತ್ರಿ ಕಂಬ ಹತ್ತುವ ಮೆಸ್ಕಾಂ ಲೈನ್‌ಮ್ಯಾನ್‌ಗಳು, ಆಂಬುಲೆನ್ಸ್ ಚಾಲಕರು, ಹೆರಿಗೆ ನೋವಿನ ಕರೆಗೆ ಮನೆ ಬಿಟ್ಟು ಹೊರಡುವ ಆಶಾ ಕಾರ್ಯಕರ್ತೆಯರು, ಇವರೆಲ್ಲರೂ ಕಾಯುವವರೇ. ನಾಳೆ ನಮ್ಮಲ್ಲಿ ಕೆಲವರು ಅಕೌಂಟೆಂಟ್ ಆಗಿ ಸಂಬಳದ ಪಟ್ಟಿ ತಯಾರಿಸಬಹುದು, ಕೆಲವರು ಸ್ವಂತ ವ್ಯವಹಾರ ಮಾಡಿ ಜನ ಇಟ್ಟುಕೊಳ್ಳಬಹುದು. ಆಗ ಆ ಪಟ್ಟಿಯಲ್ಲಿ ಕಾಯುವ ಗಂಟೆಗೂ ಒಂದು ಕಾಲಂ ಹಾಕಲು ಮರೆಯದಿರೋಣ.

ತರಗತಿಯಲ್ಲಿ ಚರ್ಚಿಸಲು

1. ಕಾಯುವ ಗಂಟೆಗೆ ಶೇಕಡಾ 10 ಸರಿಯೇ? ಅರ್ಧ ಗಂಟೆಯೊಳಗೆ ತಲುಪಬೇಕೆಂಬ ಷರತ್ತು ಇದ್ದರೆ ನೀವು ಎಷ್ಟು ನಿಗದಿ ಮಾಡುತ್ತೀರಿ?
2. ಮೇಲಿನ ಲೆಕ್ಕದಲ್ಲಿ ಕಂಪೆನಿಯ ಬಳಿ 20ರ ಬದಲು 5 ಆಸ್ಪತ್ರೆಗಳಿದ್ದರೆ ಒಂದು ಆಸ್ಪತ್ರೆಯ ಪಾಲು ಎಷ್ಟಾಗುತ್ತದೆ? ಆಗಲೂ ನಿಮ್ಮ ಅಭಿಪ್ರಾಯ ಅದೇ ಇರುತ್ತದೆಯೇ?
3. ನಿಮ್ಮ ಮನೆಯಲ್ಲಿ ಆನ್‌-ಕಾಲ್‌ ಕೆಲಸ ಮಾಡುವವರು ಇದ್ದರೆ, ಒಂದು ವಾರ ಅವರು ಕಾದ ಗಂಟೆಗಳನ್ನು ಅವರ ಒಪ್ಪಿಗೆ ಪಡೆದು ಬರೆದಿಡಿ. ಮುಂದಿನ ಸಂಚಿಕೆಗೆ ಆ ಲೆಕ್ಕವನ್ನು ಕಳುಹಿಸಿ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ