ಗೋಡೆ ನೋಡಿ ವೈ-ಫೈ, ವೈರಿಂಗ್ ನೋಡಿ ಪವರ್‌ಲೈನ್

ಚಾಮರಾಜನಗರ, ಗುಂಡ್ಲುಪೇಟೆ ಕಡೆಯಿಂದ ಹೊಸದಾಗಿ ಅಮೆರಿಕಕ್ಕೆ ಬಂದ ಮನೆಯವರಿಗೆ ಇಂಟರ್ನೆಟ್ ಅಂದರೆ ಮೊದಲು ಊರಿನ ವಿಡಿಯೊ ಕಾಲ್. ನ್ಯೂಜೆರ್ಸಿಯಲ್ಲಿ ಬೇಸಿಗೆಯ ರಾತ್ರಿ 9 ಆದಾಗ ಗುಂಡ್ಲುಪೇಟೆಯಲ್ಲಿ ಬೆಳಿಗ್ಗೆ ಆರೂವರೆ. ಮಕ್ಕಳು ಮಲಗುವ ಮುಂಚೆ ಅಜ್ಜಿ ತಾತನ ಮುಖ ನೋಡಲು ಸಿಗುವುದು ಆ ಹೊತ್ತೇ. ಅಕ್ಕಪಕ್ಕದ ಅಪಾರ್ಟ್‌ಮೆಂಟಿನವರು ವೈ-ಫೈನಲ್ಲಿ ಸಿನಿಮಾ ನೋಡುವುದೂ ಆಗಲೇ. ಚಿತ್ರ ನಿಂತು ನಿಂತು ಬಂತೆಂದು ದುಬಾರಿ ಪ್ಲಾನಿಗೆ ಹಣ ಕಟ್ಟಬೇಡಿ. ಕಾಲ್‌ಗೆ ಬೇಕಿರುವುದು ಕೆಲವೇ ಎಂಬಿಪಿಎಸ್, ಅದು ಕಡಿಯದೆ ಬರಬೇಕು ಅಷ್ಟೆ. ಒಮ್ಮೆ ಲ್ಯಾಪ್‌ಟಾಪನ್ನು ಕೇಬಲ್ ಹಾಕಿ ನೇರ ರೌಟರಿಗೆ ಜೋಡಿಸಿ ಮಾತಾಡಿ. ಆಗ ಸರಿಹೋದರೆ ತೊಂದರೆ ಇರುವುದು ರೌಟರಿನಿಂದ ಕೋಣೆಯವರೆಗಿನ ಹಾದಿಯಲ್ಲಿ.

ಇಲ್ಲಿನ ಹೆಚ್ಚಿನ ಮನೆಗಳದು ಮರದ ಚೌಕಟ್ಟು, ತೆಳು ಹಲಗೆಯ ಗೋಡೆ. ಅದನ್ನು ದಾಟಲು ವೈ-ಫೈಗೆ ಕಷ್ಟವಿಲ್ಲ. ರೌಟರನ್ನು ಮೂಲೆಯ ಕಪಾಟಿನಿಂದ ತೆಗೆದು ಮನೆಯ ನಡುವೆ, ಎತ್ತರದಲ್ಲಿಡಿ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಅಪಾರ್ಟ್‌ಮೆಂಟಿನಲ್ಲಿ ಅವು ತುಂಬಿಹೋಗಿರುತ್ತವೆ, ಮೈಕ್ರೊವೇವ್ ಒಲೆಯ ಕಾಟವೂ ಅಲ್ಲೇ. ಫೋನನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿದರೆ ಎಷ್ಟೋ ಮನೆಗಳಲ್ಲಿ ಅಲ್ಲಿಗೇ ಮುಗಿಯುತ್ತದೆ.

ಕಾಂಕ್ರೀಟಿನ ಬೇಸ್‌ಮೆಂಟಿನಲ್ಲಿ ಆಫೀಸು ಕೆಲಸಕ್ಕೆ ಕೂರುವವರಿಗೆ ಮುಗಿಯುವುದಿಲ್ಲ. ಬಾಡಿಗೆ ಮನೆಯ ಗೋಡೆ ಕೊರೆಯುವಂತಿಲ್ಲ. ಪವರ್‌ಲೈನ್ ಹುಟ್ಟಿದ್ದೇ ಇಂಥ ಕಡೆಗೆ: ರೌಟರಿನ ಹತ್ತಿರ ಒಂದು ಅಡಾಪ್ಟರ್, ಕೆಳಗೆ ಇನ್ನೊಂದು, ನಡುವೆ ಮನೆಯ ಕರೆಂಟಿನ ವೈರೇ ಡೇಟಾ ಹೊರುತ್ತದೆ. ಡಬ್ಬಿಯ ಮೇಲಿನ 1000, 2000 ಎಂಬ ವೇಗವನ್ನು ನಂಬಿ ಕೊಳ್ಳಬೇಡಿ, ಕೈಗೆ ಸಿಗುವುದು ಅದರಲ್ಲೊಂದು ಪಾಲು. ಅಡಾಪ್ಟರನ್ನು ಗೋಡೆಯ ಸಾಕೆಟ್ಟಿಗೇ ಚುಚ್ಚಿ. ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡು ಸಿಗ್ನಲನ್ನು ನುಂಗಿಬಿಡುತ್ತದೆ. ಹೊಸ ಮನೆಗಳ ಪ್ಯಾನೆಲ್‌ನಲ್ಲಿರುವ ಎಎಫ್‌ಸಿಐ ಬ್ರೇಕರುಗಳೂ ಅದನ್ನು ಕುಗ್ಗಿಸುತ್ತವೆ. ಇಲ್ಲಿ ಮನೆಗೆ 120 ವೋಲ್ಟಿನ ಎರಡು ಲೈನ್ ಬರುತ್ತವೆ. ಎರಡು ಅಡಾಪ್ಟರ್ ಬೇರೆ ಬೇರೆ ಲೈನಿಗೆ ಬಿದ್ದರೆ ವೇಗ ಇಳಿಯುವುದುಂಟು. ಇದನ್ನೆಲ್ಲ ಮೊದಲೇ ಹೇಳುವುದು ಕಷ್ಟ. ಆದ್ದರಿಂದ ಹಿಂದಿರುಗಿಸಲು ಅವಕಾಶವಿರುವ ಅಂಗಡಿಯಲ್ಲೇ ಕೊಳ್ಳಿ. ಪೇರ್ ಬಟನ್ ಒತ್ತಿ ಎರಡನ್ನೂ ಜೋಡಿಸುವುದನ್ನು ಮರೆಯಬೇಡಿ, ಡೇಟಾಕ್ಕೆ ನಿಮ್ಮದೇ ಬೀಗ ಬೀಳುವುದು ಆಗಲೇ. ಎರಡೂ ಕೋಣೆಯಲ್ಲಿ ಕೇಬಲ್ ಟಿವಿಯ ಕೋಆಕ್ಸ್ ಪಾಯಿಂಟ್ ಇದ್ದರೆ ನಾನಂತೂ ಪವರ್‌ಲೈನ್ ಬಿಟ್ಟು, ಆ ಕೋಆಕ್ಸ್ ವೈರಿನಲ್ಲೇ ಡೇಟಾ ಸಾಗಿಸುವ ಮೋಕಾ ಅಡಾಪ್ಟರನ್ನೇ ಹೇಳುತ್ತೇನೆ. ಬೆಲೆ ಹೆಚ್ಚು, ಆದರೆ ಭದ್ರವಾದ ದಾರಿ.

ಕಾಲ್ ಕಡಿಯುವುದು ಎಷ್ಟೋ ಸಲ ಆ ತುದಿಯಲ್ಲಿ. ಊರಿನ ಇಟ್ಟಿಗೆ ಗೋಡೆ, ಆರ್‌ಸಿಸಿ ತಾರಸಿ ವೈ-ಫೈಯನ್ನು ಚೆನ್ನಾಗಿಯೇ ತಡೆಯುತ್ತವೆ. ಹಾಗೆಂದು ಇಲ್ಲಿಂದ ಪವರ್‌ಲೈನ್ ಜೋಡಿ ಒಯ್ಯಬೇಡಿ. ಮೂರು ಫೇಸ್ ಇರುವ ಮನೆಯಲ್ಲಿ ಕೆಳಗೊಂದು ಫೇಸ್, ಮಹಡಿಗೊಂದು ಫೇಸ್ ಇದ್ದರೆ ಸಿಗ್ನಲ್ ಸೊರಗುತ್ತದೆ. ಕರೆಂಟ್ ಹೋದಾಗ ಎರಡೂ ಅಡಾಪ್ಟರ್ ಇನ್ವರ್ಟರ್ ಲೈನಿನಲ್ಲಿಲ್ಲದಿದ್ದರೆ ಸಂಪರ್ಕವೇ ಸತ್ತಂತೆ. ಸ್ವಂತ ಮನೆಯಾದ್ದರಿಂದ ಅಲ್ಲಿ ಕೊರೆಯಲು ಯಾರನ್ನೂ ಕೇಳಬೇಕಿಲ್ಲ. ಮುಂದಿನ ಸಲ ಹೋದಾಗ ಎಲೆಕ್ಟ್ರಿಷಿಯನ್ ಕರೆಸಿ, ಮಹಡಿಯವರೆಗೆ ಪೈಪಿನಲ್ಲಿ ಲ್ಯಾನ್ ಕೇಬಲ್ ಎಳೆಸಿ ಅಲ್ಲೊಂದು ಆಕ್ಸೆಸ್ ಪಾಯಿಂಟ್ ಹಾಕಿಸಿ. ಅದನ್ನೂ, ಕೆಳಗಿನ ರೌಟರ್, ಫೈಬರ್ ಡಬ್ಬಿಯನ್ನೂ ಇನ್ವರ್ಟರ್ ಲೈನಿಗೆ ಕೊಡಿಸಿ.