ಜಿಲ್ಲೆಯಿಂದ ಹೋಬಳಿಯವರೆಗೆ: ಎಕ್ಸ್‌ಎಂಎಲ್ ಫೈಲನ್ನು ಮರವಾಗಿ ತೋರಿಸುವ ಕ್ರಮ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ತಾಲ್ಲೂಕುಗಳ ಹೋಬಳಿಗಳನ್ನು ಎಕ್ಸೆಲ್ ಹಾಳೆಯಲ್ಲಿ ಒಂದರ ಕೆಳಗೊಂದು ಬರೆದು ಅಕಾರಾದಿಯಾಗಿ ಜೋಡಿಸಿ ನೋಡಿ. ‘ಕಸಬಾ’ ಎಂಬ ಹೆಸರು ನಾಲ್ಕು ಸಲ ಸಾಲಾಗಿ ಬಂದು ನಿಲ್ಲುತ್ತದೆ. ಯಾವುದು ಯಾವ ತಾಲ್ಲೂಕಿನ ಕಸಬಾ ಎಂದು ತಿಳಿಯಲು ಪಕ್ಕದಲ್ಲಿ ಇನ್ನೊಂದು ಕಾಲಂ ಬೇಕು. ಆ ಕಾಲಂನಲ್ಲಿ ಒಬ್ಬರು ‘ಪಿರಿಯಾಪಟ್ಟಣ’ ಎಂದೂ ಇನ್ನೊಬ್ಬರು ‘ಪೆರಿಯಾಪಟ್ಟಣ’ ಎಂದೂ ಬೆರಳಚ್ಚು ಮಾಡಿದರೆ ಕಂಪ್ಯೂಟರಿನ ಲೆಕ್ಕಕ್ಕೆ ಅವು ಎರಡು ತಾಲ್ಲೂಕು. ಊರುಗಳ ಮಾಹಿತಿ ಪಟ್ಟಿಯಲ್ಲಿ ಕೂರುವಂಥದ್ದಲ್ಲ. ನಾಡಕಚೇರಿಗೆ ಕೊಡುವ ವಂಶವೃಕ್ಷದ ಹಾಗೆ, ಯಾರ ಕೆಳಗೆ ಯಾರು ಎಂಬುದೇ ಅದರ ಜೀವಾಳ.

ಇಂಥ ಮಾಹಿತಿಗೆಂದೇ ಇರುವ ಬರವಣಿಗೆಯ ಕ್ರಮ ಎಕ್ಸ್‌ಎಂಎಲ್. ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ ಇದರ ಮೊದಲ ಆವೃತ್ತಿಯನ್ನು 1998ರ ಫೆಬ್ರವರಿ 10ರಂದು ಅಂಗೀಕರಿಸಿತು. ನಮಗೆ ಬಹಳ ಮುಖ್ಯವಾದ, ಆದರೆ ತರಗತಿಗಳಲ್ಲಿ ಹೇಳುವುದೇ ಅಪರೂಪವಾದ ಸಂಗತಿಯೊಂದಿದೆ: ಎಕ್ಸ್‌ಎಂಎಲ್‌ನಲ್ಲಿ ಟ್ಯಾಗುಗಳ ಹೆಸರನ್ನೂ ಕನ್ನಡದಲ್ಲೇ ಇಡಬಹುದು. ಒಳಗಿನ ಮಾಹಿತಿಯಷ್ಟೇ ಅಲ್ಲ, ಚೌಕಟ್ಟೂ ಕನ್ನಡದ್ದಾಗಬಹುದು. ಅಂಥದ್ದೊಂದು ಫೈಲು ಮಾಡಿ, ಅದನ್ನು ನಮ್ಮದೇ ಕಂಪ್ಯೂಟರಿನ ಕಿಟಕಿಯೊಂದರಲ್ಲಿ ಮರವಾಗಿ ತೋರಿಸುವುದು ಹೇಗೆಂದು ನೋಡೋಣ. ಪೈಥಾನ್‌ನ ಮೊದಲ ಪಾಠಗಳು ಗೊತ್ತಿರುವ ಡಿಗ್ರಿ ವಿದ್ಯಾರ್ಥಿಗೆ ಇದು ಸಲೀಸಾದ ಕೆಲಸ.

ಮೊದಲು ಫೈಲು. ನೋಟ್‌ಪ್ಯಾಡ್ ತೆರೆದು ಹೀಗೆ ಬರೆಯಿರಿ:

<ಜಿಲ್ಲೆ ಹೆಸರು="ಮೈಸೂರು">
  <ಉಪವಿಭಾಗ ಹೆಸರು="ಹುಣಸೂರು">
    <ತಾಲ್ಲೂಕು ಹೆಸರು="ಹುಣಸೂರು" ಪಿನ್="571105">
      <ಹೋಬಳಿ ಹೆಸರು="ಕಸಬಾ"/>
      <ಹೋಬಳಿ ಹೆಸರು="ಹನಗೋಡು"/>
    </ತಾಲ್ಲೂಕು>
    <ತಾಲ್ಲೂಕು ಹೆಸರು="ಪಿರಿಯಾಪಟ್ಟಣ" ಪಿನ್="571107">
      <ಹೋಬಳಿ ಹೆಸರು="ಕಸಬಾ"/>
      <ಹೋಬಳಿ ಹೆಸರು="ಬೆಟ್ಟದಪುರ"/>
    </ತಾಲ್ಲೂಕು>
  </ಉಪವಿಭಾಗ>
</ಜಿಲ್ಲೆ>

ಪಿನ್ ಎಂದು ಕೊಟ್ಟಿರುವುದು ತಾಲ್ಲೂಕು ಕೇಂದ್ರದ್ದು. ಇದೇ ಮಾದರಿಯಲ್ಲಿ ಕೆ.ಆರ್.ನಗರವನ್ನು 571602 ಎಂದೂ ಎಚ್.ಡಿ.ಕೋಟೆಯನ್ನು 571114 ಎಂದೂ ಸೇರಿಸಿ. ಎಚ್.ಡಿ.ಕೋಟೆಯ ಕೆಳಗೆ ಕಸಬಾ, ಅಂತರಸಂತೆ, ಹಂಪಾಪುರಗಳ ಜೊತೆಗೆ ಸರಗೂರನ್ನೂ ಸದ್ಯಕ್ಕೆ ಹೋಬಳಿಯೆಂದೇ ಹಾಕಿರಿ. ಕಾರಣ ಮುಂದೆ ತಿಳಿಯುತ್ತದೆ.

ತೆರೆದ ಟ್ಯಾಗನ್ನು ಮುಚ್ಚಲೇಬೇಕು. ಟ್ಯಾಗಿನ ಹೆಸರಿನಲ್ಲಿ ಖಾಲಿ ಜಾಗ ಇರಬಾರದು, ಹೆಸರು ಅಂಕಿಯಿಂದ ಶುರುವಾಗಬಾರದು. ‘ಫೈಲ್‌ಗಳು’ ಎಂಬಂಥ ಪದದಲ್ಲಿ ಅರ್ಧಾಕ್ಷರವನ್ನು ಬಿಡಿಸಿ ನಿಲ್ಲಿಸಲು ಕೀಲಿಮಣೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ನಡುವೆ ಸೇರಿಸುತ್ತದೆ. ಟ್ಯಾಗಿನ ಹೆಸರಿನಲ್ಲಿ ಅದಿದ್ದರೆ ಕೆಲವು ಓದುಗ ತಂತ್ರಾಂಶಗಳು ಒಪ್ಪುವುದಿಲ್ಲ. ಆದ್ದರಿಂದ ಟ್ಯಾಗಿಗೆ ‘ಹೋಬಳಿ’, ‘ಗ್ರಾಮ’ದಂಥ ಸರಳ ಪದಗಳೇ ಇರಲಿ. ಉಳಿಸುವಾಗ ಎನ್‌ಕೋಡಿಂಗ್ ಯುಟಿಎಫ್-8 ಎಂದಿರಬೇಕು. ಆಗ ಮೇಲೆ ಘೋಷಣೆಯ ಸಾಲು ಇಲ್ಲದಿದ್ದರೂ ನಡೆಯುತ್ತದೆ. ನುಡಿ, ಬರಹಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಾದ ಪಟ್ಟಿಗಳು ಅನೇಕ ಕಚೇರಿಗಳಲ್ಲಿ ಇನ್ನೂ ಇವೆ. ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿದ ಮೇಲಷ್ಟೇ ಇಲ್ಲಿಗೆ ತನ್ನಿ, ಇಲ್ಲವಾದರೆ ಮರದ ತುಂಬ ಅರ್ಥವಿಲ್ಲದ ಗೀಟುಗಳೇ ಕಾಣುತ್ತವೆ.

ಇನ್ನು ಕಿಟಕಿ. ವಿಂಡೋಸ್‌ಗೆ ಪೈಥಾನ್ ಅಳವಡಿಸಿದರೆ ಬೇಕಾದ ಎರಡು ಸಲಕರಣೆಗಳೂ ಅದರೊಂದಿಗೇ ಬರುತ್ತವೆ: ಫೈಲನ್ನು ಓದುವ ಎಲಿಮೆಂಟ್‌ಟ್ರೀ, ಪರದೆಯ ಮೇಲೆ ಕಿಟಕಿ ಮೂಡಿಸುವ ಟಿಕೆಇಂಟರ್. ಟಿಕೆಇಂಟರ್‌ನ ಟ್ರೀವ್ಯೂ ಎಂಬ ಭಾಗವೇ ನಮ್ಮ ಮರ. ಸಿ ಶಾರ್ಪ್ ಕಲಿತವರಿಗೂ ಟ್ರೀವ್ಯೂ ಎಂಬ ಹೆಸರಿನದ್ದೇ ಸಿಗುತ್ತದೆ, ಜಾವಾದವರಿಗೆ ಜೆಟ್ರೀ ಇದೆ. ಭಾಷೆ ಯಾವುದಾದರೂ ಒಳಗಿನ ತರ್ಕ ಒಂದೇ. ಆ ತರ್ಕ ಮೂರು ಸಾಲಿನಲ್ಲಿ ಮುಗಿಯುತ್ತದೆ:

ಕೊಂಬೆಹಾಕು(ತಾಯಿ, ಎಲಿಮೆಂಟ್):
  ಗುರುತು = ‘ತಾಯಿ’ ಸಾಲಿನ ಕೆಳಗೆ, ಕೊನೆಯಲ್ಲಿ, ಈ ಎಲಿಮೆಂಟಿನ ಸಾಲು ಸೇರಿಸು
  ಎಲಿಮೆಂಟಿನ ಪ್ರತಿ ಮಗುವಿಗೂ: ಕೊಂಬೆಹಾಕು(ಗುರುತು, ಮಗು)

ಟ್ರೀವ್ಯೂನ ಇನ್ಸರ್ಟ್ ಆದೇಶ ಒಂದು ಸಾಲನ್ನು ಸೇರಿಸಿ ಅದರ ಗುರುತನ್ನು ಹಿಂದಿರುಗಿಸುತ್ತದೆ. ಆ ಗುರುತನ್ನೇ ಮುಂದಿನ ಸುತ್ತಿಗೆ ‘ತಾಯಿ’ಯಾಗಿ ಕೊಡುತ್ತೇವೆ. ಎಲ್ಲಕ್ಕಿಂತ ಮೇಲಿನ ‘ಜಿಲ್ಲೆ’ಗೆ ತಾಯಿಯಿಲ್ಲವಾದ್ದರಿಂದ ಅಲ್ಲಿ ಖಾಲಿ ಉದ್ಧರಣ ಚಿಹ್ನೆ ಕೊಟ್ಟರೆ ಸಾಕು. ತನ್ನನ್ನು ತಾನೇ ಕರೆದುಕೊಳ್ಳುವ ಇಂಥ ಫಂಕ್ಷನ್ ಕಂಡರೆ ವಿದ್ಯಾರ್ಥಿಗಳು ಹಿಂಜರಿಯುತ್ತಾರೆ. ಕಾಗದದ ಮೇಲೆ ಮೈಸೂರು, ಹುಣಸೂರು ಉಪವಿಭಾಗ, ಹುಣಸೂರು ತಾಲ್ಲೂಕು, ಕಸಬಾ ಎಂದು ಇಳಿದು, ಮತ್ತೆ ಮೇಲೇರಿ ಹನಗೋಡಿಗೆ ಬರುವ ದಾರಿಯನ್ನು ಬೆರಳಲ್ಲಿ ಎಳೆದು ನೋಡಿದರೆ ಗೋಜಲು ಬಿಡುತ್ತದೆ. ಹೋಬಳಿಗೆ ಮಕ್ಕಳಿಲ್ಲ, ಆದ್ದರಿಂದ ಅಲ್ಲಿ ಕರೆ ತಾನಾಗಿ ನಿಲ್ಲುತ್ತದೆ.

ಸಾಲಿನಲ್ಲಿ ಏನು ಬರೆಯಬೇಕು ಎಂಬುದನ್ನು ಸ್ವಲ್ಪ ಯೋಚಿಸಿ ತೀರ್ಮಾನಿಸಬೇಕು. ನಮ್ಮ ಫೈಲಿನಲ್ಲಿ ಹೆಸರು, ಪಿನ್ ಎಲ್ಲವೂ ಆಟ್ರಿಬ್ಯೂಟ್‌ಗಳಾಗಿ ಟ್ಯಾಗಿನೊಳಗೇ ಇವೆ. ಟ್ಯಾಗುಗಳ ನಡುವಿನ ಪಠ್ಯವನ್ನಷ್ಟೇ ತೋರಿಸುವ ಪ್ರೋಗ್ರಾಂ ಬರೆದರೆ ಮರ ಬರಿದಾಗಿ ಕಾಣುತ್ತದೆ. ಹಾಗಾಗಿ ಮೊದಲ ಕಾಲಂನಲ್ಲಿ ‘ಹೆಸರು’, ಎರಡನೆಯದರಲ್ಲಿ ಟ್ಯಾಗು, ಮೂರನೆಯದರಲ್ಲಿ ಉಳಿದ ಆಟ್ರಿಬ್ಯೂಟ್‌ಗಳು ಬರಲಿ. ಪಠ್ಯ ಇರುವ ಫೈಲುಗಳಲ್ಲಿ ಅದರ ಹಿಂದುಮುಂದಿನ ಖಾಲಿ ಜಾಗವನ್ನು ಸ್ಟ್ರಿಪ್ ಆದೇಶದಿಂದ ಕತ್ತರಿಸಿ. ನಾವು ಅಂದಕ್ಕೆ ಬಿಟ್ಟ ಹೊಸ ಸಾಲುಗಳನ್ನೂ ಎಲಿಮೆಂಟ್‌ಟ್ರೀ ಪಠ್ಯವೆಂದೇ ಎಣಿಸುತ್ತದೆ.

ಪ್ರೋಗ್ರಾಂ ಓಡಿಸಿದ ಕೂಡಲೇ ಕನ್ನಡದಂಥ ಲಿಪಿಗಳಿಗೆ ಎದುರಾಗುವ ತೊಂದರೆಯೊಂದು ಕಾಣುತ್ತದೆ: ‘ತಾಲ್ಲೂಕು’, ‘ಪಟ್ಟಣ’ಗಳ ಒತ್ತಕ್ಷರದ ಕೆಳಭಾಗ ಕತ್ತರಿಸಿಹೋಗಿರುತ್ತದೆ. ಟ್ರೀವ್ಯೂನ ಒಂದು ಸಾಲಿನ ಎತ್ತರ ಸಾಮಾನ್ಯವಾಗಿ 20 ಪಿಕ್ಸೆಲ್. ಇಂಗ್ಲಿಷಿಗೆ ಸಾಕಾಗುವ ಆ ಎತ್ತರ ನಮ್ಮ ಲಿಪಿಗೆ ಸಾಲದು. ಸ್ಟೈಲ್ ವ್ಯವಸ್ಥೆಯಲ್ಲಿ ರೋಹೈಟ್ ಎಂಬ ಅಳತೆಯನ್ನು 32ರ ಸುತ್ತ ಇಟ್ಟು, ಅಕ್ಷರವಿನ್ಯಾಸವನ್ನು ನಿರ್ಮಲಾ ಯುಐ ಅಥವಾ ತುಂಗಾ ಎಂದು ಹೇಳಿ. ಲಿನಕ್ಸ್‌ನಲ್ಲಿ ತೊಂದರೆ ಇನ್ನೂ ಆಳದ್ದು. ಅಲ್ಲಿ ಟಿಕೆ 8.6 ಆವೃತ್ತಿ ಒತ್ತಕ್ಷರಗಳನ್ನು ಕೂಡಿಸುವುದೇ ಇಲ್ಲ, ಬಿಡಿಬಿಡಿಯಾಗಿ ನಿಲ್ಲಿಸುತ್ತದೆ. ಲಿನಕ್ಸ್ ಬಳಸುವವರು ಕ್ಯೂಟಿ ಅಥವಾ ಜಿಟಿಕೆ ಹಿಡಿಯುವುದೇ ಲೇಸು, ಅವೆರಡೂ ಕನ್ನಡವನ್ನು ಸರಿಯಾಗಿ ಮೂಡಿಸುತ್ತವೆ. ಓದಲಾಗದ ಕನ್ನಡವನ್ನು ‘ಹೇಗೋ ನಡೆಯುತ್ತದೆ’ ಎಂದು ಬಿಟ್ಟುಬಿಡಬೇಡಿ. ಊರಿನ ಹೆಸರು ಸರಿಯಾಗಿ ಕಾಣುವುದು ಆ ಊರಿನವರ ಹಕ್ಕು.

ಈಗ ಆರಂಭದ ಕಸಬಾ ಪ್ರಶ್ನೆ. ಸಾಲೊಂದನ್ನು ಕ್ಲಿಕ್ ಮಾಡಿದಾಗ ಕಿಟಕಿಯ ಅಡಿಯಲ್ಲಿ ‘ಮೈಸೂರು › ಹುಣಸೂರು › ಪಿರಿಯಾಪಟ್ಟಣ › ಕಸಬಾ’ ಎಂದು ಪೂರ್ತಿ ದಾರಿ ಕಾಣಬೇಕು. ಆಯ್ದ ಸಾಲಿನಿಂದ ಹೊರಟು ಪೇರೆಂಟ್ ಆದೇಶದಿಂದ ಅದರ ತಾಯಿಯನ್ನು, ತಾಯಿಯ ತಾಯಿಯನ್ನು ಕೇಳುತ್ತಾ ಖಾಲಿ ಉತ್ತರ ಬರುವವರೆಗೆ ಮೇಲೇರಿ, ಸಿಕ್ಕ ಹೆಸರುಗಳನ್ನು ತಿರುವಿ ಜೋಡಿಸಿ.

ಇನ್ನು ಸರಗೂರು. ಎಚ್.ಡಿ.ಕೋಟೆಯಿಂದ ಬೇರ್ಪಟ್ಟು ಅದು ಸ್ವತಂತ್ರ ತಾಲ್ಲೂಕಾಗಿದೆ. ಕೆ.ಆರ್.ನಗರದಿಂದ ಸಾಲಿಗ್ರಾಮವೂ ಹಾಗೆಯೇ. ಪಟ್ಟಿಯಲ್ಲಾದರೆ ಪ್ರತಿ ಹಳ್ಳಿಯ ಮುಂದಿನ ತಾಲ್ಲೂಕಿನ ಹೆಸರನ್ನೂ ತಿದ್ದುತ್ತಾ ಕೂರಬೇಕು. ಮರದಲ್ಲಿ ‘ಸರಗೂರು’ ಎಂಬ ಹೊಸ ತಾಲ್ಲೂಕು ಎಲಿಮೆಂಟ್ ಮಾಡಿ, ಹಳೆಯ ಹೋಬಳಿಯನ್ನು ಕಿತ್ತು ಅದರ ಕೆಳಗಿಟ್ಟರೆ ಒಳಗಿನ ಹಳ್ಳಿಗಳೆಲ್ಲ ಜೊತೆಗೇ ಬರುತ್ತವೆ. ಎರಡು ಎಚ್ಚರಿಕೆ ಮಾತ್ರ ಬೇಕು. ಟ್ರೀವ್ಯೂನ ಮೂವ್ ಆದೇಶ ಪರದೆಯ ಮೇಲಿನ ಸಾಲನ್ನಷ್ಟೇ ಸರಿಸುತ್ತದೆ. ಎಲಿಮೆಂಟ್‌ಟ್ರೀಯಲ್ಲೂ ಹಳೆಯ ತಾಯಿಯಿಂದ ರಿಮೂವ್, ಹೊಸ ತಾಯಿಗೆ ಅಪೆಂಡ್ ಮಾಡಬೇಕು. ಅಲ್ಲಿ ಮಗುವಿಗೆ ತನ್ನ ತಾಯಿ ಯಾರೆಂದು ಗೊತ್ತಿರುವುದಿಲ್ಲ, ಆದ್ದರಿಂದ ಮರ ಕಟ್ಟುವಾಗಲೇ ಯಾವ ಸಾಲಿಗೆ ಯಾವ ಎಲಿಮೆಂಟ್ ಎಂಬ ನಿಘಂಟೊಂದನ್ನು ಇಟ್ಟುಕೊಳ್ಳಿ. ಎರಡನೆಯದು ಉಳಿಸುವಾಗಿನದು: ಯುಟಿಎಫ್-8 ಎಂದು ಸ್ಪಷ್ಟವಾಗಿ ಹೇಳದಿದ್ದರೆ ಎಲಿಮೆಂಟ್‌ಟ್ರೀ ಕನ್ನಡ ಅಕ್ಷರಗಳನ್ನು ಅಂಕಿಗಳಾಗಿಸಿ ಬರೆಯುತ್ತದೆ. ‘ಕ’ ಎಂಬುದು &#3221; ಆಗುತ್ತದೆ. ಮಾಹಿತಿ ಕೆಡುವುದಿಲ್ಲ, ಆದರೆ ನೋಟ್‌ಪ್ಯಾಡಿನಲ್ಲಿ ತೆರೆದವರಿಗೆ ಓದಲಾಗುವುದಿಲ್ಲ.

ಇಷ್ಟು ಕೆಲಸ ಮಾಡುವ ಕಿಟಕಿ ಸಿದ್ಧವಾದರೆ ಬೇರೆ ಫೈಲುಗಳನ್ನೂ ಅದರಲ್ಲಿ ತೆರೆಯಬಹುದು. ಯುಐಡಿಎಐ ಕೊಡುವ ಆಧಾರ್ ಆಫ್‌ಲೈನ್ ಇ-ಕೆವೈಸಿ ಒಂದು ಎಕ್ಸ್‌ಎಂಎಲ್ ಫೈಲೇ. ನೀವೇ ಕೊಟ್ಟ ಗುಪ್ತಸಂಕೇತದಿಂದ ಬೀಗ ಹಾಕಿದ ಜಿಪ್‌ನೊಳಗೆ ಅದು ಬರುತ್ತದೆ. ಹೆಸರು, ವಿಳಾಸ, ಜಿಲ್ಲೆ, ತಾಲ್ಲೂಕು ಎಲ್ಲವೂ ಅದರಲ್ಲಿ ಆಟ್ರಿಬ್ಯೂಟ್‌ಗಳು. ಭಾವಚಿತ್ರ ಮಾತ್ರ ಸಾವಿರಾರು ಅಕ್ಷರಗಳ ಉದ್ದನೆಯ ಪಠ್ಯವಾಗಿರುವುದರಿಂದ ಸಾಲಿಗೆ 80 ಅಕ್ಷರ ಮೀರಿದ್ದನ್ನು ಕತ್ತರಿಸಿ ತೋರಿಸಿ. ಇಂಥ ಫೈಲನ್ನು ಅಂತರಜಾಲದ ಯಾವುದೋ ಪುಕ್ಕಟೆ ವೀಕ್ಷಕಕ್ಕೆ ಏರಿಸಕೂಡದು. ನಿಮ್ಮದೇ ಕಿಟಕಿಯಲ್ಲಿ ತೆರೆದರೆ ಅದು ನಿಮ್ಮ ಯಂತ್ರ ಬಿಟ್ಟು ಆಚೆ ಹೋಗುವುದಿಲ್ಲ, ಈ ಶ್ರಮಕ್ಕೆ ಅದೊಂದೇ ಕಾರಣ ಸಾಕು. ಗೂಗಲ್ ಅರ್ಥ್‌ನಲ್ಲಿ ಗುರುತಿಸಿದ ಜಾಗಗಳ ಕೆಎಂಎಲ್ ಫೈಲೂ ಎಕ್ಸ್‌ಎಂಎಲ್‌ನ ಕುಲದ್ದೇ. ಅದರ ಟ್ಯಾಗುಗಳ ಮುಂದೆ ಪುಷ್ಪಾವರಣದೊಳಗೆ ಉದ್ದದ ವಿಳಾಸವೊಂದು ಕಾಣುತ್ತದೆ. ಮುಚ್ಚುವ ಆವರಣ ಚಿಹ್ನೆಯ ನಂತರದ ಭಾಗವನ್ನಷ್ಟೇ ತೋರಿಸಿದರೆ ಸಾಲು ಚೊಕ್ಕಟವಾಗುತ್ತದೆ.

ಫೈಲು ತೆರೆಯದಿದ್ದರೆ ಎಲಿಮೆಂಟ್‌ಟ್ರೀ ತಪ್ಪು ಯಾವ ಸಾಲಿನ ಎಷ್ಟನೇ ಅಕ್ಷರದಲ್ಲಿದೆ ಎಂದು ಹೇಳುತ್ತದೆ. ಆ ಸಂದೇಶವನ್ನು ನುಂಗದೆ ಬಳಕೆದಾರರಿಗೆ ತೋರಿಸಿ. ಬಹುಪಾಲು ಸಲ ಮುಚ್ಚದ ಟ್ಯಾಗೋ, ಪಠ್ಯದ ನಡುವೆ ನೇರವಾಗಿ ಬರೆದ & ಚಿಹ್ನೆಯೋ ಅಲ್ಲಿರುತ್ತದೆ. ಹಳ್ಳಿಗಳನ್ನೂ ಸೇರಿಸುತ್ತಾ ಹೋಗಿ ಫೈಲು ತುಂಬ ದೊಡ್ಡದಾದರೆ ಎಲ್ಲ ಕೊಂಬೆಗಳನ್ನೂ ಒಮ್ಮೆಗೇ ಕಟ್ಟಬೇಡಿ. ತಾಲ್ಲೂಕಿನವರೆಗೆ ಕಟ್ಟಿ ನಿಲ್ಲಿಸಿ, ಬಳಕೆದಾರರು ಒಂದು ತಾಲ್ಲೂಕನ್ನು ಬಿಚ್ಚಿದಾಗ ಅದರ ಹೋಬಳಿ, ಹಳ್ಳಿಗಳನ್ನು ತುಂಬುವಂತೆ ಮಾಡಿ. ಬಿಚ್ಚುವ ಗುರುತು ಕಾಣಲು ಪ್ರತಿ ತಾಲ್ಲೂಕಿನ ಕೆಳಗೆ ಒಂದು ಖಾಲಿ ಸಾಲನ್ನು ಮೊದಲೇ ಇಟ್ಟಿರಬೇಕು, ತುಂಬುವಾಗ ಅದನ್ನು ಅಳಿಸಬೇಕು.